ಎತ್ತು ತಿಂದ ಬಂಡಿ

ಹೋದ ವಾರ ನೆಲೋಗಿಯ ನೆಂಟರ ಮನೆಯಿಂದ ಬಸ್ಸಿನಲ್ಲಿ ಮರಳುತ್ತಿದ್ದೆ. ಮುಂದೆ ಹೊರಟಿದ್ದ ಟ್ರ್ಯಾಕ್ಟರಿನಿಂದ ಕಣಿಕಿಯ ಸೂಡೊಂದು ಜಾರಿ ರಸ್ತೆಗೆ ಬಿತ್ತು, ಬಸ್ಸು ನಿಂತಿತು. ಕಣಿಕಿ ಎಂದರೆ ತೆನೆ ಕೊಯ್ದ ಮೇಲೆ ಒಣಗಿದ ಜೋಳದ ದಂಟು, ದನದ ಮೇವು. ಬಸ್ಸಿನವರೆಲ್ಲ ಸೇರಿ ಟ್ರ್ಯಾಕ್ಟರಿನವನನ್ನು ಬೈಯುತ್ತಿದ್ದಾಗ ನಾನು ಮೆಲ್ಲಗೆ ಇಳಿದು, ಸೂಡಿನಿಂದ ಒಂದು ದಪ್ಪ ದಂಟು ಎಳೆದುಕೊಂಡು ಬಂದು ಸೀಟಿನಲ್ಲಿ ಕೂತೆ.

"ಯಾಕ್ರೀ ಯಜಮಾನ್ರ, ಮನ್ಯಾಗ ಎಮ್ಮಿ ಕಟ್ಟೀರೇನು?" ಎಂದ ಕಂಡಕ್ಟರ್. "ಒಂದ ದಂಟಿನಾಗ ಹೊಟ್ಟಿ ತುಂಬೋ ಎಮ್ಮಿ ಎಲ್ಲಿ ಸಿಕ್ತರೀ ನಿಮಗ?"

ನಾನು ಸುಮ್ಮನೆ ನಕ್ಕೆ. ತಲೆ ನೆರೆತವನು ಇದು ಆಟಕ್ಕೆ ಎಂದು ಹೇಳಿದರೆ ಬಸ್ಸೇ ನಗುತ್ತಿತ್ತು. ದಂಟಿನ ತುದಿಯನ್ನು ಮೂಗಿಗೆ ಹಿಡಿದೆ. ಬಿಸಿಲಿನಲ್ಲಿ ಒಣಗಿದ ಅದೇ ಸಿಹಿ ವಾಸನೆ.

ಕೊಳಕೂರಿನಲ್ಲಿ ನಾವು ಹುಡುಗರಾಗಿದ್ದಾಗ ಸುಗ್ಗಿ ಮುಗಿಯುತ್ತಲೇ ಹಿತ್ತಲಿನಲ್ಲಿ ಕಣಿಕಿಯ ಬಣವಿ ಏಳುತ್ತಿತ್ತು. ದೊಡ್ಡವರಿಗೆ ಅದು ಎತ್ತುಗಳ ವರ್ಷದ ಊಟ. ನನಗೂ ಪಕ್ಕದ ಮನೆಯ ಮಹಿಬೂಬನಿಗೂ ಅದು ಆಟದ ಬಂಡಿ ಕಟ್ಟುವ ಸಾಮಾನು. ದಂಟಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸೀಳಿ ತೆಗೆದರೆ ಒಳಗೆ ಹತ್ತಿಯಷ್ಟು ಹಗುರಾದ ಬೆಂಡು. ಬೆಂಡಿನ ತುಂಡುಗಳಿಗೆ ಸಿಪ್ಪೆಯ ಸಿಬರು ಚುಚ್ಚಿ ಜೋಡಿಸುತ್ತ ಹೋದರೆ ಮೂಕಿ, ನೊಗ, ಮೇಲಿನ ಚೌಕಟ್ಟು ಎಲ್ಲ ಬರುತ್ತಿದ್ದವು. ಗಾಲಿಗೆ ಮಾತ್ರ ಎರೆಮಣ್ಣು. ಎರೆಮಣ್ಣು ಒಣಗಿದರೆ ಬಿರಿಯುವ ಜಾತಿ. ಅದಕ್ಕೆ ಒಂದಿಷ್ಟು ಸಗಣಿ ಕಲಸಬೇಕೆಂದು ಕಂಡುಹಿಡಿದವನು ಮಹಿಬೂಬ. ನಾನು ಕಂಡುಹಿಡಿದದ್ದು ಏನೂ ಇಲ್ಲ. ನಾನು ಕಟ್ಟಿದ ಬಂಡಿ ಯಾವಾಗಲೂ ಎಡಕ್ಕೇ ತಿರುಗುತ್ತಿತ್ತು. ಸಿಬರು ತಾಗಿ ಬೆರಳು ಕೊಯ್ದುಕೊಳ್ಳುವುದರಲ್ಲಿ ಮಾತ್ರ ನಾನು ಅವನಿಗಿಂತ ಮುಂದು.

ಇಷ್ಟು ಕಷ್ಟಪಟ್ಟು ಕಟ್ಟಿದ ಬಂಡಿ ಒಂದು ರಾತ್ರಿಯೂ ನಮ್ಮ ಬಳಿ ಉಳಿಯುತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಅದು ಅವ್ವನ ಕಾನೂನು. "ದನದ ಬಾಯಾಗಿಂದು ಕಸಗೊಂಡೀರಿ. ಹೊತ್ತು ಮುಣಗೂದ್ರಾಗ ಅವಕ್ಕ ಮುಟ್ಟಬೇಕು" ಎನ್ನುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮಣ್ಣಿನ ಗಾಲಿ ಬಿಚ್ಚಿಟ್ಟುಕೊಂಡು ಬಂಡಿಯನ್ನು ಗ್ವಾದಲಿಗೆ, ಅಂದರೆ ಎತ್ತಿನ ಮೇವಿನ ತೊಟ್ಟಿಗೆ, ಹಾಕಬೇಕು. ಎತ್ತು ಮೂಕಿ, ನೊಗ ಎಂದು ನೋಡದೆ ಕರಕರ ಅಗಿಯುತ್ತಿತ್ತು. ನಿಜವಾದ ಬಂಡಿಯನ್ನು ದಿನವೆಲ್ಲ ಎಳೆದ ಸಿಟ್ಟನ್ನು ನಮ್ಮ ಬಂಡಿಯ ಮೇಲೆ ತೀರಿಸಿಕೊಳ್ಳುತ್ತಿತ್ತೋ ಏನೋ. ಒಮ್ಮೆ ಮಾತ್ರ ನಾನು ಕಟ್ಟಿದ ಬಂಡಿ ನೆಟ್ಟಗೆ ಓಡಿತು. ಅವತ್ತು ಗ್ವಾದಲಿಯ ಮುಂದೆ ಕೂತು ಗೊಳೋ ಎಂದು ಅತ್ತೆ. ಅವ್ವ ಸೆರಗಿನಿಂದ ಮುಖ ಒರೆಸುತ್ತ, "ಅಳಬ್ಯಾಡಲೇ, ನಾಳಿ ಇನ್ನೊಂದು ಮಾಡೀಯಂತ. ಬಣವಿ ಏನ್ ಓಡಿ ಹೋಗ್ತದೇನು?" ಎಂದಳು.

ಮರುದಿನ ಇನ್ನೊಂದು ಮಾಡಿದೆ. ಅದು ಮತ್ತೆ ಎಡಕ್ಕೇ ಹೋಯಿತು.

ಈಗ ನಾನಿರುವುದು ಆಳಂದದಲ್ಲಿ. ಮಗಳು ಕಲಬುರಗಿಯಲ್ಲಿ. ಮೊಮ್ಮಗಳು ಅನ್ವಿಗೆ ಎಂಟು ವರ್ಷ. ಯಾವಾಗ ನೋಡಿದರೂ ಮೊಬೈಲಿನೊಳಗೆ ತಲೆ ಇಟ್ಟಿರುತ್ತಾಳೆ ಎಂದು ಅವಳು ಬಂದಾಗಲೆಲ್ಲ ನಾನು ಬೈಯುತ್ತಿದ್ದೆ. ಬೈಗುಳದ ಕೊನೆಗೆ ತಪ್ಪದೆ ಬಂಡಿಯ ಕಥೆ. ಹೋದ ಬೇಸಿಗೆಯಲ್ಲಿ ಎಲ್ಲರೂ ಕೊಳಕೂರಿನ ತಮ್ಮನ ಮನೆಗೆ ಹೋಗಿದ್ದೆವು. ಅಲ್ಲಿಯೂ ಅವಳು ಕಟ್ಟೆಯ ಮೇಲೆ ಕೂತು ಬೆರಳಾಡಿಸುತ್ತಿದ್ದಳು. ನಾನು ಶುರು ಮಾಡಿದೆ: "ನಿನ್ನ ವಯಸ್ಸಿನಾಗ ನಾವು..."

ಅವಳು ಪಟ್ಟನೆ ಮೊಬೈಲ್ ಕೆಳಗಿಟ್ಟಳು. "ಹಂಗಾದ್ರ ಮಾಡಿಕೊಡು ಮುತ್ಯಾ. ಬರೇ ಹೇಳ್ತಿ, ಒಮ್ಮಿನೂ ಮಾಡಿಕೊಟ್ಟಿಲ್ಲ." ಎರಡೂ ಕೈ ನನ್ನ ಮುಂದೆ ಚಾಚಿದಳು.

ಹಿತ್ತಲಿಗೆ ಹೋದೆ. ಬಣವಿ ಇರುತ್ತಿದ್ದ ಜಾಗದಲ್ಲಿ ಮೋಟರ್‌ಸೈಕಲ್ ನಿಂತಿತ್ತು. ತಮ್ಮ ನಕ್ಕ. "ಯಣ್ಣಾ, ಎತ್ತು ಮಾರಿ ಎಷ್ಟು ವರ್ಷಾತು! ಹೊಲದಾಗ ಈಗ ಬರೇ ತೊಗರಿ ಬಿತ್ತತೀವಿ. ದಂಟು ಎಲ್ಲಿಂದ ತರ್ಲಿ?" ತೊಗರಿಯನ್ನು ಬೈಯಲು ನನಗೆ ಬಾಯಿಲ್ಲ. ಆ ಬೇಳೆ ನನ್ನ ತಾಟಿಗೂ ಬರುತ್ತದೆ. ಅನ್ವಿ ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆಯಿಂದ ಒಂದನ್ನು ಎಳೆದು ತಂದು, "ಇದು ನಡೀತದೇನು?" ಎಂದಳು. ಅದರಲ್ಲಿ ಬೆಂಡೆಲ್ಲಿ ಬರಬೇಕು! ಚಾಕುವೇ ಇಳಿಯಲಿಲ್ಲ.

ಅವಳ ಕೈ ಹಿಡಿದುಕೊಂಡು ಮಹಿಬೂಬನ ಮನೆಗೆ ಹೋದೆ. ಅವನ ಮನೆಯಲ್ಲಿ ಇನ್ನೂ ಎಮ್ಮೆಗಳಿವೆ, ಕಣಿಕಿ ಕೊಂಡು ಹಾಕುತ್ತಾನೆ. ವಿಷಯ ಕೇಳಿ ಅವನ ಮುಖ ಅರಳಿತು, ಮರುಗಳಿಗೆಗೇ ಬಾಡಿತು. "ಅರೇ, ನಿನ್ನೀನೇ ಎಲ್ಲಾ ಮಷೀನಿಗೆ ಹಾಕಿ ಕತ್ತರಿಸಿದ್ನಲ್ಲೋ!" ಎಂದು ಚೀಲದ ಬಾಯಿ ಬಿಚ್ಚಿದ. ಒಳಗೆಲ್ಲ ಚೂರು. ಮೊಣಕೈವರೆಗೆ ಕೈ ಇಳಿಸಿ ತಳದ ತನಕ ಹುಡುಕಿದ. ಅನ್ವಿಯ ಬೆರಳಿಗಿಂತ ಉದ್ದದ ತುಂಡು ಒಂದೂ ಸಿಗಲಿಲ್ಲ. "ಬೇಟಿ, ಒಂದ ದಿನ ಮೊದ್ಲ ಬಂದಿದ್ರ ನಿಮ್ಮ ಮುತ್ಯಾನ ಕೈಲೆ ಅಲ್ಲ, ನಾನೇ ಮಾಡಿಕೊಡ್ತಿದ್ದೆ" ಎಂದು ಅವಳ ಅಂಗೈಯಲ್ಲಿ ಎರಡು ಚೂರು ಇಟ್ಟ.

ಹಿಂತಿರುಗುವಾಗ ಅವಳೇ ನನಗೆ ಸಮಾಧಾನ ಹೇಳಿದಳು: "ಇರ್ಲಿ ಬಿಡು ಮುತ್ಯಾ." ಮನೆಗೆ ಬಂದು ಮತ್ತೆ ಕಟ್ಟೆಯ ಮೇಲೆ ಕೂತಳು. ಮೊಬೈಲ್ ಎತ್ತಿಕೊಂಡಳು. ಅವತ್ತು ನಾನು ಬೈಯಲಿಲ್ಲ, ಆಮೇಲೂ ಬೈದಿಲ್ಲ. ಆ ಹುಡುಗಿ ನಾನು ಹೇಳಿದಂತೆ ಮೊಬೈಲ್ ಕೆಳಗಿಟ್ಟಿದ್ದಳು. ಖಾಲಿಯಾದ ಆ ಕೈಗೆ ಕೊಡಲು ನಮ್ಮ ಇಡೀ ಓಣಿಯಲ್ಲಿ ಏನೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಸ್ಸಿನಿಂದ ತಂದ ದಂಟನ್ನು ಬಾಗಿಲ ಹಿಂದೆ ನಿಲ್ಲಿಸಿ ಅನ್ವಿಗೆ ಫೋನ್ ಮಾಡಿದೆ. "ದಂಟು ಸಿಕ್ತವ್ವಾ. ಈ ರಜಾದಾಗ ಬಾ."

"ರಜಾದಾಗ ಕ್ಲಾಸ್ ಹಚ್ಯಾರ ಮುತ್ಯಾ, ಬರಾಕ ಆಗಂಗಿಲ್ಲ. ನೀನೇ ಮಾಡು, ಫೋಟೋ ಕಳಸು."

ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಕೂತು ಮಾಡಿದೆ. ಹಲ್ಲು ಸಾಲದೆ ಚಾಕು ಹಿಡಿದೆ. ಬೆರಳು ಕೊಯ್ದುಕೊಂಡದ್ದು ಮಾತ್ರ ಹಳೆಯ ಪದ್ಧತಿಯಂತೆಯೇ. ಗಾಲಿಗೆ ಬಾಟಲಿಯ ಮುಚ್ಚಳ ಸಿಕ್ಕಿಸಿ ದಾರ ಕಟ್ಟಿ ಎಳೆದೆ. ಬಂಡಿ ನೆಟ್ಟಗೆ ಓಡಿತು! ಫೋಟೋ ಕಳಿಸಿದೆ. ಅತ್ತಲಿಂದ ಒಂದು ಕೆಂಪು ಹೃದಯ ಬಂತು. ಬಹಳ ಹೊತ್ತು ಕಾದೆ, ಬೇರೇನೂ ಬರಲಿಲ್ಲ.

ಹೊತ್ತು ಮುಳುಗಿತು. ಶೋಕೇಸಿನಲ್ಲಿ ಇಡೋಣವೆಂದು ಬಂಡಿ ಎತ್ತಿಕೊಂಡವನು, ಯಾಕೋ ಮುಚ್ಚಳಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಬೀದಿಗೆ ಇಳಿದೆ. ಪಕ್ಕದವರ ಆಕಳು ಕಂಬದ ಬಳಿ ನಿಂತಿತ್ತು. ಬಂಡಿಯನ್ನು ಅದರ ಬಾಯಿಗೆ ಹಿಡಿದೆ. ಎರಡೇ ತುತ್ತಿಗೆ ಮುಗಿಸಿ, ಇನ್ನೂ ಇದೆಯೇನೋ ಎಂದು ನನ್ನ ಕೈ ಮೂಸಿತು.

ಅವ್ವ ಇದ್ದಿದ್ದರೆ "ನಾಳಿ ಇನ್ನೊಂದು ಮಾಡೀಯಂತ" ಎನ್ನುತ್ತಿದ್ದಳು. ಕೈಗೆ ಕೆಲಸ ಇನ್ನೂ ನೆನಪಿತ್ತು, ಮಾಡಬಹುದಿತ್ತು. ಇನ್ನೊಂದು ದಂಟಿರಲಿಲ್ಲ.