ಕಾರಿನ ಕೆಳಗೆ ಶೋಭಾರಾಣಿ

ಫೆಬ್ರವರಿ ಒಂಬತ್ತರಂದು ಕಲ್ಯಾಣದುರ್ಗದ ಹೊರಗೆ, ಬೆಳುಗುಪ್ಪ ರಸ್ತೆಯಲ್ಲಿ ಗ್ರಾನೈಟ್ ಕ್ವಾರಿ ಮಾಲೀಕನೊಬ್ಬನ ಶೆಡ್ಡಿನಲ್ಲಿ, ಚೌಡೇಶ್ ಎಂಬ ಮೆಕ್ಯಾನಿಕ್ ಹಳೆಯ ಅಮೆರಿಕನ್ ಕಾರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಅವರು ಬಿಚ್ಚಿಟ್ಟಿದ್ದ ಬ್ಯಾಟರಿ ವೈರನ್ನು ಮೇಲಿದ್ದವರು ಮತ್ತೆ ಹಾಕಿ ಕೀ ತಿರುಗಿಸಿದರು. ಚೌಡೇಶರ ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯ ಚೀಟಿಯಲ್ಲಿ 'ಮನೆಯ ನೀರಿನ ಮೋಟಾರಿಗೆ ಕೈ ಸಿಕ್ಕಿ ಗಾಯ' ಎಂದು ಕ್ವಾರಿಯವರು ಬರೆಸಿದರು.

ಏಪ್ರಿಲ್ ಕೊನೆಯ ವಾರ. ಹಿಂದೂಪುರದಲ್ಲಿ ಬೆಳಗಿನ ಐದೂವರೆ. ಲೇಪಾಕ್ಷಿಯಿಂದ ಟೊಮೆಟೊ ಹೊತ್ತು ಬಂದ ಮಿನಿ ಲಾರಿಯೊಂದು ಶೆಡ್ಡಿನ ಮುಂದೆ ನಿಂತಿದೆ. ಅದರ ಕೆಳಗಿನಿಂದ ಎರಡು ಪಾದ ಮಾತ್ರ ಕಾಣುತ್ತಿವೆ, ಕಾಲುಂಗುರ ಇರುವ ಪಾದ. ಲಾರಿಯ ಬ್ಯಾಟರಿ ಲಾರಿಯಲ್ಲಿಲ್ಲ. ಕೆಳಗೆ ಮಲಗಿರುವ ಹೆಂಗಸು ಅದನ್ನು ಪೂರ್ತಿ ಕಿತ್ತು, ಎಳೆದುಕೊಂಡು ಹೋಗಿ, ತಲೆಯ ಪಕ್ಕ ಇಟ್ಟುಕೊಂಡಿದ್ದಾರೆ. ಕೀ ಅವರ ಸೊಂಟದಲ್ಲಿದೆ.

ಇವರು ಶೋಭಾರಾಣಿ, ಚೌಡೇಶರ ಹೆಂಡತಿ, ವಯಸ್ಸು ನಲವತ್ತೊಂದು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟಿದ್ದಾರೆ. ಲಾರಿಯ ಕೆಳಗಿನಿಂದ ಜಾರಿ ಹೊರಗೆ ಬಂದವರು ಮೊದಲು ಮಾಡುವ ಕೆಲಸ ಎರಡೂ ಕೈ ಮುಖದ ಮುಂದೆ ಹಿಡಿದು ಬೆರಳು ಎಣಿಸುವುದು. ಪಕ್ಕದ ವೆಲ್ಡಿಂಗ್ ಅಂಗಡಿಯ ಕದಿರಣ್ಣ ಚಹಾ ಲೋಟ ಹಿಡಿದು ನೋಡುತ್ತಿದ್ದಾರೆ.

"ಏನಮ್ಮಾ, ಲೆಕ್ಕ ಸರಿಗೈತಾ? ದಿನಾ ಬ್ಯಾಂಕಿನೋರ್ ಥರ ಎಣುಸ್ತೀಯಲ್ಲ!"

"ಹತ್ತೂ ಐತಣ್ಣ. ನೀನ್ ಕಣ್ಣಾಕ್ಬ್ಯಾಡ ಅಷ್ಟೆ."

ಇಬ್ಬರೂ ನಗುತ್ತಾರೆ. ಶೋಭಾರಾಣಿಯವರ ನಗು ಬೇಗ ಮುಗಿಯುತ್ತದೆ.

"ಭಯ ಇಲ್ಲ ಅಂದ್ರೆ ಸುಳ್ಳು ಕಣಪ್ಪ," ಎನ್ನುತ್ತಾರೆ. "ಗಾಡಿ ಕೆಳೀಕ್ ಹೋದ್ ತಕ್ಷಣ ಕಿವಿಯೆಲ್ಲ ಮೇಲ್ಗಡೇನೇ. ಮೇಲೆ ಯಾರಾನ ಡೋರ್ ತೆಗುದ್ರೆ ಸಾಕು, ಕೈ ತಾನಾಗೇ ಎಳ್ಕೊಂಬುಡ್ತೀನಿ. ರೋಡಲ್ಲಿ ಬಸ್ ಸದ್ದಾದ್ರೂ ಎಳ್ಕೊತೀನಿ. ಬ್ಯಾಟ್ರಿ ನನ್ ತಲೆ ಹತ್ರ ಇದ್ರೇನೇ ಒಂಚೂರು ಧೈರ್ಯ."

ಗಾಡಿಯ ಎಂಜಿನ್ನನ್ನು ಮೊದಲ ಸಲ ತಿರುಗಿಸುವ ಮೋಟಾರಿಗೆ ಇಲ್ಲಿ ಎಲ್ಲರೂ ಹೇಳುವುದು 'ಸೆಲ್ಫ್'. ಹತ್ತೊಂಬತ್ತು ವರ್ಷದಿಂದ ಗಂಡ ಹೆಂಡತಿ ಇಬ್ಬರದೂ ಅದೇ ಕೆಲಸ. ಚೌಡೇಶ್ ಗಾಡಿಯ ಕೆಳಗೆ, ಶೋಭಾರಾಣಿ ಬೆಂಚಿನ ಮೇಲೆ. ಇವರು ನೇಯ್ಗೆಯ ಮನೆಯ ಮಗಳು. ಮಗ್ಗದ ಗುಂಡಿಯ ಪಕ್ಕದಲ್ಲೇ ಬೆಳೆದವರು. ಸೆಲ್ಫ್ ಮೋಟಾರಿನ ತಾಮ್ರದ ಸುರುಳಿಗೆ ಹತ್ತಿಯ ಟೇಪು ಸುತ್ತುವಾಗ ಆ ಬೆರಳುಗಳ ಓಟ ನೋಡಬೇಕು. ಎಳೆಯ ಮೇಲೆ ಎಳೆ ಅರ್ಧಕ್ಕರ್ಧ ಕೂರುತ್ತದೆ, ಎಲ್ಲೂ ಸಂದು ಬಿಡುವುದಿಲ್ಲ. "ಮಗ್ಗ ಬಿಟ್ಟೆ ಅಂತಾರೆ. ನಾನೆಲ್ಲಿ ಬುಟ್ಟೆ? ದಾರ ಹೋಗಿ ತಾಮ್ರ ಬಂತು, ಅಷ್ಟೇಯ."

ದಿನಕ್ಕೆ ನಾಲ್ಕು ಮೋಟಾರು, ಮದುವೆಯ ತಿಂಗಳಲ್ಲಿ ಆರು. ರೊದ್ದಂ ಕಡೆಯ ಟ್ರ್ಯಾಕ್ಟರಿನವು, ಶಾಲೆ ಬಸ್ಸಿನವು, ಹಾಲಿನ ವ್ಯಾನಿನವು. ಊರಿನ ಗಾಡಿಗಳು ಬೆಳಿಗ್ಗೆ ಒಂದೇ ತಿರುವಿಗೆ ಹೊರಟರೆ ಯಾರೂ ಈ ಹೆಂಗಸಿನ ಹೆಸರು ಕೇಳುವುದಿಲ್ಲ. ಹೊರಡದಿದ್ದರೆ ಮಾತ್ರ ಬಾಗಿಲು ಬಡಿಯುತ್ತಾರೆ. ಫೆಬ್ರವರಿಯಿಂದ ಈಚೆಗೆ ಬೆಂಚೂ ಇವರದೇ, ಗಾಡಿಯ ಕೆಳಗೂ ಇವರೇ. ಚೌಡೇಶ್ ಎಡಗೈಯಲ್ಲಿ ಸ್ಪಾನರ್ ಹಿಡಿಯುವುದನ್ನು ಹೊಸದಾಗಿ ಕಲಿಯುತ್ತಿದ್ದಾರೆ. ಬೋಲ್ಟು ಜಾರಿ ಬಿದ್ದಾಗ ಎದ್ದು ಹೊರಗೆ ಹೋಗುತ್ತಾರೆ.

ಪರಿಹಾರ ಕೇಳಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದಾಗಿದೆ. ಕಳೆದ ತಿಂಗಳು ಕಚೇರಿಯ ಅಧಿಕಾರಿ ತೆಲುಗಿನಲ್ಲಿ ಕೇಳಿದ್ದು ಇಷ್ಟು: ಆ ಕಾರನ್ನು ನೀನು ಮುಟ್ಟಿದ್ದೆ ಎನ್ನುವುದಕ್ಕೆ ಆಧಾರ ಏನು? ಚೌಡೇಶ್ ಕೈ ಎತ್ತಿ ತೋರಿಸಿದರು. 'ಅದು ಕೈ. ಕಾರಿನದು ಏನಾದರೂ ತಾ' ಎಂದು ಉತ್ತರ ಬಂತು. ಬರುವ ಬುಧವಾರದೊಳಗೆ ತರದಿದ್ದರೆ ಫೈಲು ಮುಚ್ಚುತ್ತಾರಂತೆ. ಚೌಡೇಶ್ ಆ ಕಾರನ್ನು ಮುಟ್ಟಿಯೇ ಇಲ್ಲ ಎಂಬ ಕ್ವಾರಿ ಮಾಲೀಕನ ಮಾತು ನಂಬಲು ಯಾವ ಆಧಾರವೂ ಬೇಕಾಗಲಿಲ್ಲ. ಮೂರು ಬೆರಳು ಕಳೆದುಕೊಂಡವನು ಮಾತ್ರ ಆಧಾರ ಹೊತ್ತು ತರಬೇಕು.

ಆಧಾರ ಇದೆ. ಅದು ಆ ಕಾರಿನ ಹೊಟ್ಟೆಯಲ್ಲೇ ಇದೆ.

ಹಿಂದೂಪುರದ ಸೆಲ್ಫ್ ಕೆಲಸದವರಲ್ಲಿ ಒಂದು ಪದ್ಧತಿ ಉಂಟು. ರಿಪೇರಿಯಾದ ಮೋಟಾರನ್ನು ಗಾಡಿಗೆ ಏರಿಸುವ ಮುಂಚೆ, ಅದರ ಮೈಮೇಲೆ ಮೊನೆಯುಳಿಯಿಂದ ಚುಕ್ಕಿ ಚುಕ್ಕಿಯಾಗಿ ಅಂಗಡಿಯ ಗುರುತು ಮತ್ತು ಅಂದಿನ ತಾರೀಖು ಹೊಡೆಯುತ್ತಾರೆ. ಮೂರು ತಿಂಗಳ ಗ್ಯಾರಂಟಿ. ಅಷ್ಟರೊಳಗೆ ಕೆಟ್ಟರೆ ಆ ಮೋಟಾರು ಅಂಗಡಿಗೇ ವಾಪಸ್ಸು ಬರಬೇಕು. ಫೆಬ್ರವರಿ ಒಂಬತ್ತರ ಬೆಳಿಗ್ಗೆಯೂ ಚೌಡೇಶ್ ಗುರುತು ಹೊಡೆದೇ ಮೋಟಾರನ್ನು ಎತ್ತಿದ್ದರು. ಆದರೆ ಆ ಶೆಡ್ಡಿನ ಗೇಟಿನೊಳಗೆ ಕರೆಯದೆ ಯಾರೂ ಹೋಗುವಂತಿಲ್ಲ.

ಕರೆ ಅವರಿಂದಲೇ ಬಂದಿದೆ. ಕ್ವಾರಿಯ ಮ್ಯಾನೇಜರ್ ಗಂಗರಾಜು ಶುಕ್ರವಾರ ಫೋನ್ ಮಾಡಿದ್ದಾರೆ. ಅವತ್ತಿನಿಂದ ಕಾರು ಅಲ್ಲಾಡಿಲ್ಲ, ಸೆಲ್ಫ್ ಕಚ್ಚಿಕೊಂಡು ನಿಂತಿದೆ, ಚೆನ್ನೈಯಿಂದ ಹೊಸ ಮೋಟಾರು ಬಂದಿದೆ, ಭಾನುವಾರ ಮಾಲೀಕರ ಮಗನ ಮದುವೆ ಮೆರವಣಿಗೆ. ಅಂಥ ಎಂಟು ಸಿಲಿಂಡರಿನ ಕಾರಿಗೆ ಸೆಲ್ಫ್ ಕೂರಿಸಲು ಬರುವವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬರಿಗೆ ಬೆರಳಿಲ್ಲ. ಇನ್ನೊಬ್ಬರು ಆ ಬೆರಳುಗಳನ್ನು ನೋಡಿ ಕಲಿತವರು. ಆ ಇನ್ನೊಬ್ಬರಿಗೆ ಹೇಗನ್ನಿಸಬಹುದು ಎಂದು ಕರೆದವರಿಗೆ ಹೊಳೆದೂ ಇಲ್ಲ.

"ಆ ಕಾರ್ ಕೆಳೀಕ್ ನೀನ್ ಹೋಗ್ಬ್ಯಾಡ," ಎನ್ನುತ್ತಾರೆ ಚೌಡೇಶ್. "ನಂದ್ ಹೋಗಿದ್ದೇ ಸಾಕು."

"ಹೋಗ್ದಿದ್ರೆ ಬುಧವಾರ ಬರಿಗೈಲಿ ಹೋಯ್ತೀವಿ."

"ಆ ಗೇಟ್ ಮುಚ್ಚುದ್ರೆ ನೀನ್ ಕೂಗಿದ್ದೂ ಕೇಳ್ಸಲ್ಲ ಕಣೇ."

"ನೀನ್ ಕೂಗಿದ್ದೂ ಕೇಳ್ಸಿರ್ಲಿಲ್ಲ," ಎಂದು ಶೋಭಾರಾಣಿ ಸ್ಪಾನರ್ ಚೀಲ ಕಟ್ಟುತ್ತಾರೆ. ಗಂಟು ಎರಡು ಸಲ ಬಿಚ್ಚಿಕೊಳ್ಳುತ್ತದೆ.

ಶನಿವಾರ ಮೊದಲ ಬಸ್ಸು. ಮಡಕಶಿರಾ ದಾಟಿ, ಪಾವಗಡದಲ್ಲಿ ಬಸ್ಸು ಬದಲಿಸಿ, ಕಲ್ಯಾಣದುರ್ಗ ಮುಟ್ಟುವಾಗ ಬಿಸಿಲು ಏರಿದೆ. ಶೆಡ್ಡಿನೊಳಗೆ ಟಾರ್ಪಾಲು ಸರಿಸಿದರೆ ಕಾರು: ಕಡುಗೆಂಪು, ಉದ್ದ ಮೂತಿ, ಹುಲಿ ಹಣೆಯ ಮೇಲಿನಂಥ ಎರಡು ಕಪ್ಪು ಪಟ್ಟೆ. ನಾಲ್ಕು ಚಕ್ರದ ಕೆಳಗೆ ಗ್ರಾನೈಟ್ ಕಲ್ಲಿನ ದಿಮ್ಮಿ. ನೆಲದ ಮೇಲೆ ಒಂದು ಕಡೆ ಮಾತ್ರ ಹೊಸ ಸಿಮೆಂಟು ಮೆತ್ತಿದೆ. ಶೋಭಾರಾಣಿ ಅಲ್ಲಿ ಕಾಲಿಡುವುದಿಲ್ಲ.

ಬಂದವರೇ ಕೀ ಕೇಳಿ ಪಡೆದು ಸೊಂಟಕ್ಕೆ ಸಿಕ್ಕಿಸುತ್ತಾರೆ. ಬ್ಯಾಟರಿಯನ್ನು ಕಿತ್ತು ಎತ್ತುತ್ತಾರೆ.

"ಒಂದ್ ವೈರ್ ತೆಗುದ್ರೆ ಸಾಕಲ್ಲಮ್ಮ. ಬ್ಯಾಟ್ರಿನೇ ಹೊತ್ಕೊಂಡ್ ಎಲ್ಲಿಗೆ, ತವರ್ಮನೆಗಾ?" ಗಂಗರಾಜು ನಗಿಸಲು ನೋಡುತ್ತಾರೆ.

"ವೈರ್ ತೆಗ್ದೋರ್ ಕೈ ನೋಡಿವ್ನಿ ನಾನು."

ಆಮೇಲೆ ಯಾರೂ ನಗುವುದಿಲ್ಲ. ಶೋಭಾರಾಣಿ ಕೆಳಗೆ ಹೋಗುತ್ತಾರೆ, ಬ್ಯಾಟರಿ ತಲೆಯ ಪಕ್ಕ. ಸೆಲ್ಫ್ ಇರುವುದು ಎಂಜಿನ್ನಿನ ಹಿಂಬದಿಯ ಕೆಳಗೆ, ಸೈಲೆನ್ಸರ್ ಪೈಪಿಗೆ ಒತ್ತಿಕೊಂಡು. ಎರಡು ಉದ್ದ ಬೋಲ್ಟು. ಒಂದು ಬಾಗಿದೆ. ಅವತ್ತು ಕೀ ತಿರುಗಿಸಿದಾಗ ಬಾಗಿದ್ದು ಎಂದು ಯಾರೂ ಹೇಳಬೇಕಾಗಿಲ್ಲ. ಅದನ್ನು ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೇಲೆ ಯಾರೋ ಕಾರಿಗೆ ಒರಗುತ್ತಾರೆ, ಕಾರು ಕೂದಲೆಳೆಯಷ್ಟು ಅಲುಗುತ್ತದೆ. ಕೆಳಗಿನಿಂದ ಚೀರುದನಿ: "ಯಾರ್ರೀ ಅದು! ದೂರ ನಿಂತ್ಕೊಳಿ!" ಮೋಟಾರು ಕಳಚಿ ಎದೆಯ ಮೇಲೆ ಕೂರುತ್ತದೆ. ತೂಕ ಎಂಟು ಕಿಲೋ ಮೇಲೆ. ಅದನ್ನು ಪಕ್ಕಕ್ಕೆ ಸರಿಸುತ್ತಾರೆ.

ಹೊಸದನ್ನು ಏರಿಸುವ ಕೆಲಸದಲ್ಲಿ ಕೊನೆಯದೇ ಕಷ್ಟದ್ದು. ಮೋಟಾರಿನ ಸಣ್ಣ ಹಲ್ಲುಚಕ್ರ ಎಂಜಿನ್ನಿನ ದೊಡ್ಡ ಹಲ್ಲುಚಕ್ರವನ್ನು ಕಚ್ಚಿ ತಿರುಗಿಸಬೇಕು. ನಡುವೆ ಇರಬೇಕಾದ ಸಂದು ದಪ್ಪ ತಂತಿಯಷ್ಟು. ಕಡಿಮೆಯಾದರೆ ಕಿರುಚುತ್ತದೆ, ಹೆಚ್ಚಾದರೆ ಹಲ್ಲು ಮುರಿಯುತ್ತದೆ. ತೆಳು ತಗಡು ಕೊಟ್ಟು ಸರಿಮಾಡಿ, ಎರಡು ಹಲ್ಲುಚಕ್ರ ಕೂಡುವಲ್ಲಿಗೆ ಕೈ ತೂರಿಸಿ, ನಡುವೆ ತಂತಿ ಇಟ್ಟು ಅಳೆಯಬೇಕು. ಚೌಡೇಶರ ಕೈ ಇದ್ದದ್ದು ಅಲ್ಲೇ. ಶೋಭಾರಾಣಿ ಕೈ ಹಾಕುತ್ತಾರೆ, ತೆಗೆಯುತ್ತಾರೆ, ಬ್ಯಾಟರಿಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡುತ್ತಾರೆ, ಮತ್ತೆ ಕೈ ಹಾಕುತ್ತಾರೆ. ಮೂರು ಸಲ ಅಳೆದ ಮೇಲೆ "ಆಯ್ತು" ಎಂಬ ದನಿ ಬರುತ್ತದೆ.

ಹೊರಗೆ ಬಂದು ತಾವೇ ಬ್ಯಾಟರಿ ಕೂರಿಸಿ, ತಾವೇ ಕೀ ತಿರುಗಿಸುತ್ತಾರೆ. ಕಾರು ಒಂದೇ ತಿರುವಿಗೆ ಗುಡುಗುತ್ತದೆ. ತಗಡಿನ ಮಾಡು ಅದುರುತ್ತದೆ. ಆರಿಸಿ, ಕೀಯನ್ನು ಗಂಗರಾಜು ಕೈಗೆ ಕೊಡುತ್ತಾರೆ. ಹಳೆಯ ಮೋಟಾರನ್ನು ಸೀರೆಯ ಸೆರಗಿನಿಂದ ಒರೆಸುತ್ತಾರೆ. ಗ್ರೀಸಿನ ಕೆಳಗಿಂದ ಚುಕ್ಕಿಗಳು ಏಳುತ್ತವೆ: ಅಂಗಡಿಯ ಗುರುತು, ಒಂಬತ್ತು, ಎರಡು, ವರ್ಷ.

ಗಂಗರಾಜು ಕಣ್ಣಿಗೂ ಅದು ಬೀಳುತ್ತದೆ. ಅವರು ಫೋನ್ ಹಿಡಿದು ಆಚೆ ಹೋಗಿ "ಸರೇ ಸಾರ್, ಸರೇ ಸಾರ್" ಎನ್ನುತ್ತಾ ವಾಪಸು ಬರುತ್ತಾರೆ. ಇಬ್ಬರು ಆಳುಗಳು ಹೋಗಿ ಗೇಟು ಎಳೆದು ಮುಚ್ಚುತ್ತಾರೆ.

"ಹಳೇ ಪೀಸ್ ಇಲ್ಲೇ ಇಟ್ಟೋಗಮ್ಮ. ಗುಜರಿಗೆ ಹಾಕ್ಬೇಕಂತೆ."

"ಗ್ಯಾರಂಟಿ ಪೀಸ್ ಅಣ್ಣ ಇದು. ಮೂರ್ ತಿಂಗ್ಳು ತುಂಬಿಲ್ಲ, ಇನ್ನೂ ಹತ್ತ್ ದಿನದ್ ಮೇಲೈತೆ. ಕೆಟ್ಟಿದ್ದು ಅಂಗ್ಡಿಗೆ ವಾಪಸ್ ಬರ್ಬೇಕು."

"ಗ್ಯಾರಂಟಿ ಯಾರ್ ಕೇಳಿದ್ರಮ್ಮ ನಿನ್ನ? ಇಡು."

"ಗಾಡಿಯೋರ್ ಕೇಳ್ದಿದ್ರೂ ನಾವ್ ಕೊಡ್ತೀವಿ. ಹತ್ತೊಂಬತ್ ವರ್ಷದಿಂದ ಕೊಟ್ಟಿವಿ."

ಗಂಗರಾಜು ಹತ್ತಿರ ಬರುತ್ತಾರೆ. ಅವರ ಹಣೆಯಲ್ಲೂ ಬೆವರಿದೆ. "ನಂಗೂ ಎರಡ್ ಹೆಣ್ಮಕ್ಕಳವ್ರೆ ಕಣಮ್ಮ. ನೀನ್ ಅದ್ನ ತಗೊಂಡ್ ಆಚೆ ಹೋದ್ರೆ ನಾನ್ ನಾಳೆ ಈ ಕೆಲ್ಸದಾಗಿರಲ್ಲ. ಸಾರ್ ಎಂಥೋರು ಅಂತ ನಿಂಗೊತ್ತಿಲ್ವಾ? ಇಡು ಕೆಳಗೆ."

ಈ ಸಲ ದನಿ ಏರಿಲ್ಲ, ಇಳಿದಿದೆ. ಗೇಟಿನ ಬಳಿಯ ಇಬ್ಬರೂ ಎರಡು ಹೆಜ್ಜೆ ಮುಂದೆ ಬಂದಿದ್ದಾರೆ.  ಶೋಭಾರಾಣಿ ಮೋಟಾರನ್ನು ಖಾಕಿ ಅಂಗಿಗೆ ಒತ್ತಿ ಎರಡೂ ಕೈಯಿಂದ ಹಿಡಿದುಕೊಳ್ಳುತ್ತಾರೆ.

"ಇಡಲ್ಲಣ್ಣ," ಎನ್ನುತ್ತಾರೆ. "ಗೇಟ್ ತೆಗ್ಸು."