ಅಂಚಿನಲ್ಲಿ ದೊಡ್ಡವ್ವ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಡುಗೆಮನೆಯ ಬಾಗಿಲು ಹಸಿರು ಎಂದು ನನ್ನ ಹಳೆಯ ಡೈರಿಯಲ್ಲಿದೆ; ನೆನಪಿನಲ್ಲಿ ಅದು ನೀಲಿ. ಒಂಬತ್ತನೇ ತರಗತಿಯ ಬೇಸಿಗೆ ರಜೆ ಎಂಬುದು ಮಾತ್ರ ಖಚಿತ.

ಆಗಿನ್ನೂ ಕೊಟ್ಟೂರಿನಲ್ಲಿ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದಿರಲಿಲ್ಲ. ಫೋಟೋ ಎಂದರೆ ತಲೆ ಬಾಚಿ, ಪೌಡರ್ ಹಚ್ಚಿಕೊಂಡು ಚಿಕ್ಕಪ್ಪನ ಸ್ಟುಡಿಯೋಗೆ ಹೋಗಬೇಕು. ಆ ರಜೆಯಲ್ಲಿ ನಾನು ಅವನ ಬಳಿ ಕಲಿಯಲು ಸೇರಿದ್ದೆ. ಪರದೆಯ ಧೂಳು, ಬಿಸಿಯಾದ ದೀಪದ ವಾಸನೆ, ಪಕ್ಕದ ಅಂಗಡಿಯ ಒಗ್ಗರಣೆ ಮಂಡಕ್ಕಿಯ ಘಾಟು. ಅವನ ಪಾಠ ಮೂರೇ: ಗೆರೆ ಓರೆಯಾಗಬಾರದು, ಯಾರೂ ಅರ್ಧಕ್ಕೆ ಕತ್ತರಿಸಿ ಹೋಗಬಾರದು, ಅಂಚಿನಲ್ಲಿ ಬೇಡದ್ದೇನೂ ಇರಬಾರದು.

"ಅಂಚು ನೋಡವ್ವ ಮೊದ್ಲು. ಮುಖ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದ.

ಅದೇ ರಜೆಯಲ್ಲಿ ಗಿರಿಜಕ್ಕನ ಕುಬಸ, ಅಂದರೆ ಸೀಮಂತ, ಬಂತು. ದೊಡ್ಡವ್ವನ ಒಬ್ಬಳೇ ಮಗಳು, ಏಳು ತಿಂಗಳ ಬಸುರಿ. ಚಿಕ್ಕಪ್ಪನಿಗೆ ಅಂದು ಹರಪನಹಳ್ಳಿಯಲ್ಲಿ ಮದುವೆಯ ಫೋಟೋ ಕೆಲಸ. ತನ್ನ ಇನ್ನೊಂದು ಕ್ಯಾಮೆರಾ ನನ್ನ ಕೊರಳಿಗೆ ಹಾಕಿ ಹೋದ.

ಹಿಂದಿನ ದಿನದಿಂದ ಹೋಳಿಗೆ, ಕಡುಬು, ಚಿತ್ರಾನ್ನ ಎಂದು ಒಲೆಯ ಮುಂದೆ ಬೆಂದವಳು ದೊಡ್ಡವ್ವ. ಮಗಳಿಗೆ ಹಸಿರು ಸೀರೆ ಆರಿಸಿದವಳೂ ಅವಳೇ. ಆದರೆ ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಉಡಿ ತುಂಬುವುದು ಮುತ್ತೈದೆಯರ ಕೆಲಸ. ಅಕ್ಕನನ್ನು ಮಣೆಯ ಮೇಲೆ ಕೂರಿಸುವ ಹೊತ್ತಿಗೆ ಅವಳು ಅಡುಗೆಮನೆ ಸೇರಿದಳು. ಯಾರೂ ಹೋಗು ಎನ್ನಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ.

ಐದು ಜನ ಮುತ್ತೈದೆಯರು ಅಕ್ಕನ ಸುತ್ತ ನಿಂತರು. ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಎಡ ಅಂಚಿನಲ್ಲಿ ಅಡುಗೆಮನೆಯ ಬಾಗಿಲು. ಅಲ್ಲಿ ನಿಂತ ದೊಡ್ಡವ್ವನ ಅರ್ಧ ಮುಖ, ಹಿಟ್ಟು ಹತ್ತಿದ ಒಂದು ಕೈ. ತುಸು ಬಲಕ್ಕೆ ತಿರುಗಿಸಿದರೆ ಅಂಚು ಚೊಕ್ಕ. ನನ್ನ ಪಕ್ಕದಲ್ಲಿದ್ದ ಅಜ್ಜಿಯೂ ಕಣ್ಣಲ್ಲೇ ಅದನ್ನು ಹೇಳಿದಳು.

ನಾನು ಎಡಕ್ಕೆ ತಿರುಗಿಸಿದೆ. ಬೇಕೆಂದೇ. ಅಕ್ಕ ನಡುವಿನಿಂದ ಜಾರಿದಳು, ನೆಲದ ಗೆರೆ ಓರೆಯಾಯಿತು, ಬಲತುದಿಯಲ್ಲಿದ್ದ ಅಕ್ಕನ ಅತ್ತೆ ಅರ್ಧ ಕತ್ತರಿಸಿ ಹೋದರು. ದೊಡ್ಡವ್ವ ಪೂರ್ತಿ ಬಂದಳು. ಬೆರಳು ಬೆವೆತಿತ್ತು. ಒತ್ತಿದೆ. ಅವಳು ನನ್ನನ್ನೇ ನೋಡಿದಳು ಎಂದು ನೆನಪು. ಹೊಗೆ ತಾಳದೆ ಈ ಕಡೆ ಮುಖ ತಿರುಗಿಸಿದ್ದೂ ಇರಬಹುದು.

ಚಿಕ್ಕಪ್ಪ ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಎರಡೂ ಅಂಚು ನೋಡಿದ.

"ಕೈ ತಪ್ಪಿತೋ, ಬೇಕಂತ ಮಾಡಿಯೋ?"

"ಬೇಕಂತ."

ಅವನು ಪ್ರಿಂಟ್ ಹಾಕಿದ.

ಆಲ್ಬಂ ನೋಡಲು ಅಕ್ಕನ ಅತ್ತೆ ಬಂದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವರು ಒಂದೊಂದೇ ಹಾಳೆ ತಿರುವಿದರು. ಆ ಹಾಳೆ ಬಂತು.

"ಉಡಿ ತುಂಬೋ ಫೋಟೋದಾಗ ನಾ ಅರ್ಧ, ನೀವು ಪೂರ್ತಿ ಅದೀರಲ್ರಿ" ಎಂದು ದೊಡ್ಡವ್ವನ ಕಡೆ ನೋಡಿ ನಕ್ಕರು. ಅಜ್ಜಿ ನಗಲಿಲ್ಲ.

ನಾನೇ ಮಾಡಿದ್ದು ಎಂದು ಹೇಳಬೇಕಿತ್ತು. ಚಹಾದ ತಟ್ಟೆಯನ್ನು ಅವರ ಮುಂದೆ ಚಾಚಿದೆ.

"ತಪ್ಪು ನಂದ್ರಿ. ಉಪ್ಪು ಕೊಡಾಕ ಬಂದು ಅಡ್ಡ ನಿಂತೆ" ಎಂದಳು ದೊಡ್ಡವ್ವ. "ಹುಡುಗಿ ಇನ್ನೂ ಕಲಿಯಾಕತ್ತಾಳ."

ಮರುವಾರ ನೋಡಿದರೆ ಆಲ್ಬಮ್ಮಿನ ಆ ಹಾಳೆ ಖಾಲಿ, ನಾಲ್ಕು ಮೂಲೆಯಲ್ಲಿ ಅಂಟಿನ ಕಲೆ. ಕಿತ್ತವರು ಯಾರೆಂದು ಗೊತ್ತಿಲ್ಲ. ಚಿಕ್ಕಪ್ಪನ ಕಂಪ್ಯೂಟರ್ ಕೆಟ್ಟಾಗ ಉಳಿದ ಪ್ರತಿಯೂ ಹೋಯಿತು. ಸ್ಟುಡಿಯೋ ಈಗ ಮೊಬೈಲ್ ರಿಪೇರಿ ಅಂಗಡಿ. ನನ್ನ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಒಂದನ್ನು ತೆಗೆಯುವಾಗಲೂ ಬೆರಳು ಬೆವೆತಿಲ್ಲ.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇದನ್ನು ನನ್ನ ಧೈರ್ಯದ ಕಥೆಯಂತೆ ಹೇಳುತ್ತಿದ್ದೆ. ಚಹಾದ ತಟ್ಟೆಯ ಭಾಗವನ್ನು ಬಿಟ್ಟು.

ಹೋದ ತಿಂಗಳು ದೊಡ್ಡವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, ಅಂದೇ ಕೇಳಬೇಕಿದ್ದುದನ್ನು ಕೇಳಿದೆ. ಅವಳ ಕೈ ನಿಂತಿತು, ಮತ್ತೆ ಬಿಡಿಸತೊಡಗಿತು.

"ದೊಡ್ಡವ್ವ, ಆ ಫೋಟೋದಾಗ ಬರೋದು ನಿನಗ ಬೇಕಿತ್ತಾ?"