ಬೋರ್ಡು ಬದಲಾಯಿಸಿದ ಭಾನುವಾರ

ಇದನ್ನು ಓದಿ ನೀವು ನಗಬಹುದು. ನಗುವವರ ಸಾಲಿನಲ್ಲಿ ಒಂದು ಕಾಲದಲ್ಲಿ ನಾನೇ ಮುಂದೆ ನಿಂತಿದ್ದೆ. ಮೈಸೂರಿನಲ್ಲಿ ಟೆಲಿಫೋನ್ ಆಪರೇಟರ್ ತರಬೇತಿಗೆ ಹೋಗಿದ್ದಾಗ, ಜೊತೆಯ ಹುಡುಗಿಯರು ಸಂಜೆ ಕೂತು ಕಥೆ ಹೇಳುತ್ತಿದ್ದರು. ಸತ್ತವರ ಮನೆಯಿಂದ ಫೋನು ಬಂದದ್ದು, ಬೀಗ ಹಾಕಿದ ಬಂಗಲೆಯಿಂದ ಯಾರೋ ಅತ್ತದ್ದು, ಇಂಥವೇ. ತಂತಿಯ ಮೇಲೆ ಅಳಿಲು ಓಡಿದರೂ ಬೋರ್ಡಿನಲ್ಲಿ ಸದ್ದಾಗುತ್ತದೆ, ಅದಕ್ಕೆಲ್ಲ ದೆವ್ವ ಬೇಕಿಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಶನಿವಾರಸಂತೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ನಮ್ಮ ತಂದೆ, ಕಣ್ಣಿಗೆ ಕಂಡದ್ದನ್ನೂ ಇನ್ನೊಮ್ಮೆ ಅಳೆದು ನೋಡುವ ಮನುಷ್ಯ. ನಾನು ಅವರ ಮಗಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆಯ ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಕೋಣೆ, ಒಂದು ಮರದ ಬೋರ್ಡು, ಐವತ್ತು ನಂಬರು. ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಮೇಲಿನ ಸಣ್ಣ ಹಿತ್ತಾಳೆ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ಅಲ್ಲಿಗೆ ಪ್ಲಗ್ಗು ಚುಚ್ಚಿ, ಯಾರು ಬೇಕೆಂದು ಕೇಳಿ, ಜೋಡಿಸಿಕೊಡಬೇಕು. ಅರ್ಧಕ್ಕರ್ಧ ನಂಬರುಗಳು ಕಾಫಿ ತೋಟದವರದು. ತಿತಿಮತಿ ಕಡೆಯ ಕಂಬಗಳನ್ನು ಆನೆಗಳು ಆಗಾಗ ಒರಗಿಸಿ ಬೀಳಿಸುತ್ತಿದ್ದವು. ಅವನ್ನು ಎತ್ತಿ ನಿಲ್ಲಿಸುವುದು ನಮ್ಮ ಮೆಕ್ಯಾನಿಕ್ ಬೆಳ್ಯಪ್ಪನವರ ಕೆಲಸ. ಅರೆಭಾಷೆ ಗೌಡರ ಪೈಕಿ, ಐವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ, ಕೈ ಚೊಕ್ಕ.

ಐವತ್ತು ನಂಬರು ಸಾಲದಾಗಿ ನೂರು ನಂಬರಿನ ಹೊಸ ಬೋರ್ಡು ಬಂತು. ಅದನ್ನು ಹಳೆಯದರ ಪಕ್ಕದಲ್ಲೇ ನಿಲ್ಲಿಸಿದರು. ಊರಿನ ಫೋನು ಒಂದು ದಿನವೂ ನಿಲ್ಲಬಾರದು ಎನ್ನುವುದು ಕಟ್ಟುನಿಟ್ಟು. ಹಾಗಾಗಿ ಬೆಳ್ಯಪ್ಪನವರು ತಿಂಗಳುಗಟ್ಟಲೆ ಕೂತು ಪ್ರತಿಯೊಂದು ತಂತಿಯನ್ನೂ ಎರಡೂ ಬೋರ್ಡಿಗೆ ಜೋಡಿಸಿದರು. ಹೊಸದರ ಕಡೆ ಮಾತ್ರ ಸಣ್ಣ ಮರದ ಚಕ್ಕೆ ಸಿಕ್ಕಿಸಿ ಸಂಪರ್ಕ ತಡೆದಿಟ್ಟಿದ್ದರು. ಬದಲಾಯಿಸುವ ದಿನ ಮೊದಲು ಹಳೆಯದರ ಫ್ಯೂಸುಗಳನ್ನು ಕೀಳುವುದು, ಆಮೇಲೆ ಹೊಸದರ ಚಕ್ಕೆಗಳನ್ನು ತೆಗೆಯುವುದು. ಹೊಸದು ಕೈಕೊಟ್ಟರೆ ಫ್ಯೂಸು ಮತ್ತೆ ಹಾಕಿದರಾಯಿತು, ಹಳೆಯದು ಮೊದಲಿನಂತೆ ಮಾತಾಡುತ್ತದೆ. ಇವೆರಡರ ನಡುವಿನ ಕೆಲವು ನಿಮಿಷ ಮಾತ್ರ ಯಾವ ಬೋರ್ಡಿಗೂ ಜೀವ ಇರುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮುಹೂರ್ತ ಇಟ್ಟರು. ಮೈಸೂರಿನಿಂದ ಒಬ್ಬ ಇನ್ಸ್‌ಪೆಕ್ಟರು ಬಂದು, ಗಡಿಯಾರ ಹಿಡಿದು ನಿಂತಿದ್ದರು. ಚೆನ್ನಾಗಿ ಬಿಸಿಲಿತ್ತು. ಕಿಟಕಿಯಾಚೆ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಮಾರುವವರ ಕೂಗು ಕೇಳುತ್ತಿತ್ತು. ಹೆದರಿಕೆ ಹುಟ್ಟಿಸುವಂಥದ್ದು ಅಲ್ಲಿ ಒಂದೂ ಇರಲಿಲ್ಲ. ಕೆಲಸ ಮುಗಿಯುವವರೆಗೆ ಆಪರೇಟರ್ ಹಳೆಯ ಬೋರ್ಡಿನ ಮುಂದೆಯೇ ಕೂತಿರಬೇಕೆಂದು ನನಗೆ ಹೇಳಿದ್ದರು. ಹೆಡ್‌ಸೆಟ್ ಕಿವಿಗೆ ಹಾಕಿಕೊಂಡೇ ಕೂತಿದ್ದೆ.

ಬೆಳ್ಯಪ್ಪನವರು ಫ್ಯೂಸುಗಳನ್ನು ಒಂದೊಂದೇ ಕಿತ್ತು ತಟ್ಟೆಗೆ ಹಾಕಿದರು. "ಎಲ್ಲಾ ಬಂತು ಸಾರ್," ಎಂದರು. ಇನ್ಸ್‌ಪೆಕ್ಟರು ತಾವೇ ಬೆರಳಿಟ್ಟು ಎಣಿಸಿದರು. ಆಗ ನನ್ನ ಮುಂದೆ ಹದಿನೇಳನೇ ನಂಬರಿನ ಮುಚ್ಚಳ ಬಿತ್ತು.

ಮುಚ್ಚಳ ಬಿದ್ದದ್ದು ದೊಡ್ಡ ಮಾತಲ್ಲ. ಪಕ್ಕದಲ್ಲಿ ಯಾರಾದರೂ ಜೋರಾಗಿ ಕಾಲಿಟ್ಟರೂ ಅದು ಬಿದ್ದೀತು. ಅಭ್ಯಾಸಬಲದಿಂದ ಪ್ಲಗ್ಗು ಚುಚ್ಚಿ, ಯಾರು ಬೇಕು ಎಂದೆ.

ಒಬ್ಬ ಹೆಂಗಸಿನ ದನಿ. ಹದಿನೇಳು ಎಂದರೆ ತಿತಿಮತಿಯಾಚೆ ಕಾಡಿನ ಅಂಚಿನಲ್ಲಿರುವ ಒಂದು ಎಸ್ಟೇಟು. ಆ ತಂತಿಯಲ್ಲಿ ಯಾವಾಗಲೂ ಜೇನುಹುಳ ಗುಂಯ್‌ಗುಟ್ಟಿದಂತೆ ಸದ್ದಿರುತ್ತಿತ್ತು. ಅವತ್ತು ಇರಲಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತು.

"ಡಾಕ್ಟರನ್ನ ಕಳಿಸ್ರವ್ವ. ಮೂರನೇ ಲೈನು, ಕೊನೇ ಮನೆ, ಸಣ್ಣಮ್ಮ. ಕೂಸಿನ ಕಾಲು ಮೊದ್ಲು ಬಂದೈತೆ."

ಲೈನು ಎಂದರೆ ತೋಟದ ಕೆಲಸದವರ ಸಾಲುಮನೆಗಳು. ನಾನು, "ನೀವು ಯಾರು ಮಾತಾಡೋದು?" ಎಂದೆ.

"ಬೇಗ ಕಳಿಸ್ರವ್ವ," ಎಂದಿತು ದನಿ. ಅಷ್ಟೇ.

ನಾನು ತಿರುಗಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಇನ್ಸ್‌ಪೆಕ್ಟರು ನಕ್ಕು, "ಯಾರ ಹತ್ರ ಮಾತಾಡ್ತಿದೀರಮ್ಮ? ಫ್ಯೂಸೆಲ್ಲ ಇಲ್ಲಿ ತಟ್ಟೆಯಲ್ಲಿದೆ," ಎಂದರು. ಕೇಳಿದ್ದನ್ನು ಹೇಳಿದೆ. ಬೆಳ್ಯಪ್ಪನವರು ನನ್ನ ಹೆಡ್‌ಸೆಟ್ ತೆಗೆದುಕೊಂಡು ಕಿವಿಗಿಟ್ಟು ನೋಡಿದರು. ತಲೆ ಅಲ್ಲಾಡಿಸಿದರು. ಹದಿನೇಳರ ಫ್ಯೂಸೊಂದನ್ನು ಹಾಕಿಕೊಡಿ ಎಂದು ಕೇಳಿಕೊಂಡೆ. ಹಾಕಿದರು. ಈ ಸಲ ಜೇನುಹುಳದ ಸದ್ದು ಬಂತು. ಎಸ್ಟೇಟಿಗೆ ಹತ್ತು ಸಲ ರಿಂಗ್ ಮಾಡಿದೆ. ಯಾರೂ ಎತ್ತಲಿಲ್ಲ.

"ನೋಡಿದಿರಾ? ಯಾರೂ ಇಲ್ಲ. ಬೆಳ್ಯಪ್ಪ, ಫ್ಯೂಸ್ ತೆಗಿ. ಟೈಮಾಗ್ತಿದೆ," ಎಂದರು ಇನ್ಸ್‌ಪೆಕ್ಟರು.

ನಾನು ಹೆಡ್‌ಸೆಟ್ ತೆಗೆದಿಟ್ಟು ಎದ್ದೆ. ಡಾಕ್ಟರ ಮನೆ ಬಸ್‌ಸ್ಟ್ಯಾಂಡಿನ ಆಚೆ, ನಡೆದರೆ ಐದು ನಿಮಿಷ.

"ಕಟ್‌ಓವರ್ ಮಧ್ಯೆ, ಬೋರ್ಡು ಬದಲಾಯಿಸೋ ಹೊತ್ತಲ್ಲಿ, ಕುರ್ಚಿ ಬಿಟ್ಟು ಎದ್ದರೆ ರಿಪೋರ್ಟ್ ಮಾಡ್ತೀನಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ," ಎಂದರು ಇನ್ಸ್‌ಪೆಕ್ಟರು.

"ಮಾಡಿ ಸಾರ್," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ಓಡಿದೆ.

ಡಾಕ್ಟರ್ ಚಿಣ್ಣಪ್ಪನವರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ದನಿ ಹೇಳಿದ್ದನ್ನು ತಿಳಿಸಿದೆ. ಅವರಿಗೆ ಅರ್ಧ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. "ಬೋರ್ಡಿಗೆ ಜೀವ ಇರಲಿಲ್ಲ ಡಾಕ್ಟ್ರೇ. ಆದ್ರೂ ಕೇಳಿಸ್ತು. ವಾಪಸ್ ರಿಂಗ್ ಮಾಡಿದ್ರೆ ಯಾರೂ ಎತ್ತಲಿಲ್ಲ," ಎಂದೆ.

ಅವರು ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು. "ಹೋಗಿ ಅಲ್ಲಿ ಪೇಶೆಂಟ್ ಇಲ್ಲದಿದ್ರೆ ನಂಗೆ ಪೆಟ್ರೋಲ್ ನಷ್ಟ. ಇದ್ದು, ನಾನು ಹೋಗದಿದ್ರೆ?" ಎಂದು, ನನ್ನ ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡರು. ಅವರ ಜೀಪು ತಿರುವಿನಲ್ಲಿ ಮರೆಯಾದ ಮೇಲೆ ನಾನು ಹಿಂದಿರುಗಿದೆ. ಹೊಸ ಬೋರ್ಡು ಕೆಲಸ ಮಾಡುತ್ತಿತ್ತು. ನನ್ನ ಕುರ್ಚಿಯಲ್ಲಿ ಇನ್ಸ್‌ಪೆಕ್ಟರೇ ಕೂತು ಕರೆ ಜೋಡಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಸಂಜೆ ಕತ್ತಲಾಗುವ ಮುಂಚೆ ಡಾಕ್ಟರು ಎಕ್ಸ್‌ಚೇಂಜಿಗೆ ಬಂದರು. ಅಂಗಿಯ ತೋಳಿಗೆ ರಕ್ತದ ಕಲೆ ಇತ್ತು. ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದರು.

"ಸಣ್ಣಮ್ಮ ಇದ್ದಾಳೆ. ಮೂರನೇ ಲೈನು, ಕೊನೇ ಮನೆ. ಹೆಣ್ಣುಮಗು. ಇಬ್ಬರೂ ಉಳಿದ್ರು," ಎಂದರು. ಬೆಳ್ಯಪ್ಪನವರು ಕೈಮುಗಿದರು. ನನಗೆ ಅಳು ಬಂತು.

"ಇರಮ್ಮ, ಕೇಳು," ಎಂದು ಅವರು ದನಿ ತಗ್ಗಿಸಿದರು. "ನಾನು ಹೋದಾಗ ಅವಳಿಗೆ ಆಗಷ್ಟೇ ನೋವು ಜೋರಾಗ್ತಿತ್ತು. ಕಾಲೂ ಬಂದಿರ್ಲಿಲ್ಲ, ಎಂತದೂ ಬಂದಿರ್ಲಿಲ್ಲ. ಡಾಕ್ಟರಿಗೆ ಯಾರು ಹೇಳಿದ್ದು ಅಂತ ಅಲ್ಲಿ ಎಲ್ಲರಿಗೂ ಆಶ್ಚರ್ಯ. ಕಾಲು ಬಂದದ್ದು ನಾನು ಹೋಗಿ ಮುಕ್ಕಾಲು ಗಂಟೆ ಆದ ಮೇಲೆ."

ಆ ಮಾತು ಕೇಳಿ ಇನ್ಸ್‌ಪೆಕ್ಟರು ಎದ್ದು ಹೊರಗೆ ಹೋದರು.

ಎಸ್ಟೇಟಿನ ದೊರೆಗಳು ಅವತ್ತು ಮೈಸೂರಿಗೆ ಹೋಗಿದ್ದರು. ಫೋನಿದ್ದ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಲೆಕ್ಕ ಬರೆಯುವ ರೈಟರ ಕಿಸೆಯಲ್ಲಿತ್ತು. ರೈಟರು ಬಿಟ್ಟಂಗಾಲದಲ್ಲಿ ನೆಂಟರ ಮದುವೆಯಲ್ಲಿದ್ದರು. ಇದೆಲ್ಲ ಆಮೇಲೆ ವಿಚಾರಣೆಯಲ್ಲಿ ಹೊರಬಂತು. ಹೌದು, ವಿಚಾರಣೆ ನಡೆಯಿತು. ಇಬ್ಬರು ಬದುಕಿದ್ದಕ್ಕೆ ಅಲ್ಲ, ನಾನು ಕುರ್ಚಿ ಬಿಟ್ಟದ್ದಕ್ಕೆ.

ಇನ್ಸ್‌ಪೆಕ್ಟರು ಕೆಟ್ಟವರೆಂದು ನಾನು ಹೇಳುವುದಿಲ್ಲ. ನನ್ನನ್ನು ಉಳಿಸಲಿಕ್ಕೆ ದಾರಿ ಹುಡುಕಿದವರೂ ಅವರೇ. "ಕರೆ ಫ್ಯೂಸ್ ಕೀಳುವ ಮೊದಲೇ ಬಂತು ಅಂತ ಬರೆದುಕೊಡಿ. ಫೈಲ್ ಮುಚ್ಚಿಬಿಡ್ತೀನಿ," ಎಂದರು. ಹಾಗೆ ಬರೆದರೆ, ಮಾತಿನ ನಡುವೆ ಫ್ಯೂಸು ಕಿತ್ತ ತಪ್ಪು ಬೆಳ್ಯಪ್ಪನವರ ತಲೆಗೆ ಬರುತ್ತಿತ್ತು. ಆಗುವುದಿಲ್ಲ ಎಂದೆ. "ಹಾಗಾದರೆ ತಲೆ ಸುತ್ತಿ ಭ್ರಮೆ ಆಯ್ತು ಅಂತ ಬರೀರಿ. ಡಾಕ್ಟರು ಹೋಗಿದ್ದು ಕಾಕತಾಳೀಯ." ಅದೂ ಆಗುವುದಿಲ್ಲ ಎಂದೆ. ನಾನು ಹಾಗೆ ಬರೆದುಕೊಟ್ಟರೆ, ಹೆಂಗಸರ ತಲೆ ಈ ಕೆಲಸಕ್ಕೆ ಗಟ್ಟಿಯಿಲ್ಲ ಎನ್ನುವವರ ಕೈಗೆ ನಾನೇ ಕಾಗದ ಕೊಟ್ಟಂತಾಗುತ್ತಿತ್ತು. ನನ್ನ ಹಿಂದೆ ಬರುವ ಹುಡುಗಿಯರಿಗೆ ಅದು ಅಡ್ಡ ಬರುತ್ತಿತ್ತು. ಅದೂ ಅಲ್ಲದೆ, ಅದು ಸುಳ್ಳು.

ಬೆಳ್ಯಪ್ಪನವರು ತಮ್ಮ ಹೇಳಿಕೆಯಲ್ಲಿ ಎರಡೇ ಮಾತು ಹೇಳಿದರು. "ಮುಚ್ಚಳ ಬಿದ್ದದ್ದು ನಾನು ಕಂಡಿದ್ದೇನೆ. ಕಿವಿಗೆ ನಂಗೆ ಎಂತದೂ ಕೇಳ್ಲಿಲ್ಲ." ಡಾಕ್ಟರು "ಕರೆದರು, ಹೋದೆ" ಎಂದಷ್ಟೇ ಬರೆದು ಕಳಿಸಿದರು. ನಾನು, ಎರಡೂ ಬೋರ್ಡುಗಳಿಗೆ ಜೀವ ಇಲ್ಲದಿದ್ದಾಗ ಹದಿನೇಳರಿಂದ ಕರೆ ಬಂತು, ಕೇಳಿದೆ, ಡಾಕ್ಟರಿಗೆ ಹೇಳಿದೆ ಎಂದು ಬರೆದು ಸಹಿ ಹಾಕಿದೆ. ತಿದ್ದಲು ಮೂರು ಸಲ ಕಾಗದ ವಾಪಸು ಕಳಿಸಿದರು. ಮೂರು ಸಲವೂ ಅದನ್ನೇ ಬರೆದೆ, ಅಕ್ಷರ ಇನ್ನಷ್ಟು ದುಂಡಗೆ ಮಾಡಿ. ನನ್ನನ್ನು ಕಾಯಂ ಮಾಡುವುದನ್ನು ಒಂದು ವರ್ಷ ಮುಂದೆ ಹಾಕಿ, ಮಡಿಕೇರಿಗೆ ವರ್ಗ ಮಾಡಿದರು. ಹೋದೆ.

ಹೋಗುವ ಮುಂಚೆ ಒಂದು ದಿನ ಬಸ್ಸು ಹಿಡಿದು ಆ ಎಸ್ಟೇಟಿಗೆ ಹೋಗಿ ಬಂದೆ. ಸಣ್ಣಮ್ಮ ಹುಣಸೂರು ಕಡೆಯಿಂದ ಕೆಲಸಕ್ಕೆ ಬಂದವಳು, ಇನ್ನೂ ಇಪ್ಪತ್ತು ದಾಟಿರಲಿಲ್ಲ. ಕೀರಲು ದನಿ. ನಾನು ಕೇಳಿದ್ದು ಅವಳದಲ್ಲ. ಸಾಲುಮನೆಯ ಒಬ್ಬೊಬ್ಬ ಹೆಂಗಸನ್ನೂ ಏನಾದರೊಂದು ನೆಪದಲ್ಲಿ ಮಾತಾಡಿಸಿದೆ. ಯಾರದೂ ಅಲ್ಲ. ಅವತ್ತು ಹೆರಿಗೆ ಮಾಡಿಸಲು ಕೂತಿದ್ದ ಸೂಲಗಿತ್ತಿ ಮುದುಕಿ, "ಕಾಲು ಬತ್ತದೆ ಅಂತ ನಂಗೇ ಗೊತ್ತಿರ್ನಿಲ್ಲ ಕನವ್ವ. ನಿಂಗೆ ಯಾರು ಏಳಿದ್ರು?" ಎಂದು ನನ್ನನ್ನೇ ಕೇಳಿದಳು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಪುಟ್ಟ ಪಾದಗಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಆ ದನಿಯ ಮಾತಿನ ಧಾಟಿ ತಿತಿಮತಿಯದಲ್ಲ, ನಮ್ಮ ಶನಿವಾರಸಂತೆ ಕಡೆಯದು. ನನ್ನ ಮನೆಯ ಭಾಷೆ. ಎಲ್ಲ ನಿನ್ನ ತಲೆಯೊಳಗಿನದೇ ಎನ್ನುವವರಿಗೆ ಇದು ಅನುಕೂಲ, ಗೊತ್ತಿದೆ. ಆದರೆ ನನ್ನ ತಲೆ ಅದುವರೆಗೆ ಆ ಎಸ್ಟೇಟಿನ ಗೇಟನ್ನೂ ಕಂಡಿರಲಿಲ್ಲ. ಆ ತಲೆಗೆ ಸಣ್ಣಮ್ಮನ ಹೆಸರು ಹೇಳಿದವರು ಯಾರು? ಆಗಿರದಿದ್ದ ಸಂಗತಿಯನ್ನು ಆಗಿದೆ ಎಂದು ಹೇಳಿದವರು ಯಾರು?

ಮಡಿಕೇರಿಯಲ್ಲಿ, ಆಮೇಲೆ ಇನ್ನೂ ಎಷ್ಟೋ ಕಡೆ, ನಿವೃತ್ತಿಯವರೆಗೆ ಇದೇ ಕೆಲಸ ಮಾಡಿದೆ. ಅಂಥದ್ದು ಇನ್ನೊಮ್ಮೆ ಆಗಲಿಲ್ಲ. ದೆವ್ವ ಭೂತಗಳನ್ನು ನಾನು ಇವತ್ತಿಗೂ ನಂಬುವುದಿಲ್ಲ. ಹಾಗಾದರೆ ಅದೇನು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಗೊತ್ತಿಲ್ಲ. ಓದಿದವರನ್ನೂ ಅನುಭವಸ್ಥರನ್ನೂ ಕೇಳಿದ್ದೇನೆ, ಅವರಿಗೂ ಗೊತ್ತಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನಾಚುತ್ತಾರೆ ಅಷ್ಟೆ. ನನಗೆ ನಾಚಿಕೆಯಿಲ್ಲ. ಆದರೆ ಕೇಳಿಸಲಿಲ್ಲ ಎಂದು ಮಾತ್ರ ಯಾರಿಗೂ ಬರೆದುಕೊಡಲಾರೆ.